‘ಗೊತ್ತಿಲ್ಲ’ ಅನ್ನಲು ಬಾರದ ಮನೆ

ನಮ್ಮ ಮನೆಯಲ್ಲಿ ಯಾರಿಗೂ ‘ಗೊತ್ತಿಲ್ಲ’ ಅನ್ನಲು ಬರುತ್ತಿರಲಿಲ್ಲ. ಇದು ಜಂಬವಲ್ಲ, ಕಸುಬು. ನಮ್ಮಪ್ಪ ಹಳೇಬೀಡಿನ ದೇವಸ್ಥಾನದಲ್ಲಿ ಗೈಡು, ಅವರಪ್ಪನೂ ಗೈಡಾಗಿದ್ದವರು. ಪ್ರವಾಸಿಗಳು ಪ್ರಶ್ನೆ ಕೇಳಿ ಬಾಯಿ ಮುಚ್ಚುವಷ್ಟರಲ್ಲಿ ಉತ್ತರ ತಯಾರಿರಬೇಕು ಎನ್ನುವುದು ತಾತನ ಕಾಲದಿಂದ ಬಂದ ಕಟ್ಟಳೆ. ಈ ಆನೆ ಕೆತ್ತಲು ಎಷ್ಟು ದಿನ ಹಿಡಿಯಿತು? ಉತ್ತರ ಇದೆ. ಕೆತ್ತಿದವನಿಗೆ ಮಕ್ಕಳೆಷ್ಟು? ಅದಕ್ಕೂ ಇದೆ. ಬೆಳಗಿನ ಉತ್ತರಕ್ಕೂ ಸಂಜೆಯ ಉತ್ತರಕ್ಕೂ ತಾಳೆ ಆಗಲೇಬೇಕೆಂದೇನಿಲ್ಲ, ಬೆಳಿಗ್ಗೆ ಬಂದವರು ಸಂಜೆಗೆ ಇರುವುದಿಲ್ಲವಲ್ಲ. ಉಳಿದ ಗೈಡುಗಳ ವಿಷಯ ನಾನು ಹೇಳುತ್ತಿಲ್ಲ. ಅವರಲ್ಲಿ ಪುಸ್ತಕ ಓದಿಕೊಂಡು ಬಂದು ಅಳೆದೂ ತೂಗಿ ಮಾತಾಡುವವರಿದ್ದಾರೆ. ಇದು ನಮ್ಮ ಮನೆಯ ಮಾತು ಮಾತ್ರ.

“ಬಂದೋರು ಕಲ್ಲು ನೋಡಕ್ಕೆ ಬರಲ್ಲ ಕಣೇ, ಉತ್ತರ ಕೇಳಕ್ಕೆ ಬತ್ತಾರೆ. ಗೊತ್ತಿಲ್ಲ ಅಂದ್ಯೋ, ಅವತ್ತಿಗೆ ನೀನು ಗೈಡಲ್ಲ, ವಾಚ್‌ಮನ್ನು,” ಎನ್ನುತ್ತಿದ್ದರು ಅಪ್ಪ.

ಅಮ್ಮ ಅಡುಗೆಮನೆಯಿಂದಲೇ, “ನಿಮ್ಮಪ್ಪನ ಬಾಯಲ್ಲಿ ಆ ಮಾತು ಬಂದ ದಿನ ಸೂರ್ಯ ಬೇಲೂರು ಕಡೆಯಿಂದ ಹುಟ್ತಾನೆ ಬಿಡು,” ಎಂದು ಸೇರಿಸುತ್ತಿದ್ದರು. ಬೇಲೂರು ನಮಗೆ ಪಡುವಣಕ್ಕಿದೆ.

ಹೈಸ್ಕೂಲಿನಿಂದಲೇ ರಜೆಯಲ್ಲಿ ನಾನೂ ಅಪ್ಪನ ಹಿಂದೆ ಹೋಗುತ್ತಿದ್ದೆ. ಹೆಂಗಸರ ಗುಂಪು ಬಂದರೆ ನನ್ನನ್ನು ಮುಂದೆ ಬಿಡುತ್ತಿದ್ದರು. ವಿಗ್ರಹದ ಕೈಯ ಕಲ್ಲಿನ ಬಳೆಯ ಸಂದಿನಲ್ಲಿ ಪೊರಕೆ ಕಡ್ಡಿ ತೂರಿಸಿ ತೋರಿಸುವುದು ನನ್ನ ಕೆಲಸ. “ಕೈಂಡ್ಲಿ ಅಬ್ಸರ್ವ್ ದಿ ಬ್ಯಾಂಗಲ್ಸ್ ಮೇಡಂ” ಎಂದು ಶುರು ಮಾಡಿದರೆ ನಾನು ನಿಲ್ಲಿಸುತ್ತಿದ್ದುದು ಚಪ್ಪಲಿ ಬಿಟ್ಟ ಜಾಗದಲ್ಲೇ. ನನ್ನ ಇಂಗ್ಲಿಷ್ ಎಂದರೆ ಊರಿಗೇ ಹೆಮ್ಮೆ. ಅದು ಕಿವಿಯಿಂದ ಬಂದು ಬಾಯಿಂದ ಹೋಗುವ ಇಂಗ್ಲಿಷ್, ನಡುವೆ ತಲೆಯಲ್ಲಿ ಇಳಿಯುತ್ತಲೇ ಇರಲಿಲ್ಲ ಎಂಬುದು ಆಮೇಲೆ ತಿಳಿಯಿತು.

ನಾನು ಬೇಲೂರಿನಲ್ಲಿ ಮೊದಲ ಪಿಯುಸಿ ಓದುತ್ತಿದ್ದಾಗ ಒಂದು ಬಸ್ಸಿನ ತುಂಬ ಕಾನೂನು ವಿದ್ಯಾರ್ಥಿಗಳು ಬಂದರು. ಅಪ್ಪ ಶಿಲ್ಪಿಯೊಬ್ಬ ರಾಣಿಯ ನೆರಳು ನೋಡಿ ವಿಗ್ರಹ ಕೆತ್ತಿದ ಕಥೆ ಹೇಳುತ್ತಿದ್ದರು. ಅದು ಅವರಿಗೆ ಬಹಳ ಇಷ್ಟದ ಕಥೆ, ಪ್ರತಿ ಸಲ ಹೇಳುವಾಗಲೂ ಕಣ್ಣು ತೇವ ಮಾಡಿಕೊಳ್ಳುತ್ತಿದ್ದರು. ಗುಂಪಿನಲ್ಲಿದ್ದ ಕತ್ತರಿಸಿದ ಕೂದಲಿನ ಒಬ್ಬ ಹುಡುಗಿ ಕೈ ಎತ್ತಿ, “ಸರ್, ಇದಕ್ಕೆ ಆಧಾರ ಏನು?” ಎಂದಳು.

“ಆಧಾರ ಇಲ್ದೆ ಹೇಳ್ತೀವೇನಮ್ಮ?” ಎಂದು ಅಪ್ಪ ನಕ್ಕು ಪಕ್ಕದ ವಿಗ್ರಹಕ್ಕೆ ಹಾರಿದರು. ಹುಡುಗಿ ಬಿಡಲಿಲ್ಲ. “ಶಾಸನದಲ್ಲಿದೆಯಾ, ಪುಸ್ತಕದಲ್ಲಿದೆಯಾ, ಯಾರೋ ಹೇಳಿದ್ದಾ?” ಎಂದು ಮೆತ್ತಗೆ, ಮರ್ಯಾದೆಯಿಂದಲೇ ಕೇಳಿದಳು. ಅಪ್ಪನ ಕಿವಿ ಕೆಂಪಾದವು. ಅಪ್ಪನನ್ನು ಹಾಗೆ ಕೇಳಿದ್ದಕ್ಕೆ ನನಗೆ ಅವಳ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಹೊಟ್ಟೆಕಿಚ್ಚು. ಅಷ್ಟು ಸಣ್ಣ ಪ್ರಶ್ನೆ, ಅಷ್ಟು ಮೆತ್ತನೆ ದನಿ, ಅದಕ್ಕೆ ನಮ್ಮಪ್ಪನಂಥ ಮಾತಿನ ಮಲ್ಲ ತಡವರಿಸಿದರಲ್ಲ! ಬಸ್ಸಿನ ತನಕ ಅವಳ ಹಿಂದೆ ಹೋಗಿ ಆ ಕಾಲೇಜಿಗೆ ಸೇರುವುದು ಹೇಗೆಂದು ಕೇಳಿದೆ. ದೇಶಕ್ಕೆಲ್ಲ ಒಂದೇ ಪ್ರವೇಶ ಪರೀಕ್ಷೆ ಇರುತ್ತದೆ, ಪಿಯುಸಿ ಮುಗಿಸುವಾಗ ಬರೆಯಬೇಕು ಎಂದಳು. ಸಂಜೆ ಮನೆಯಲ್ಲಿ, ನಾನು ಲಾ ಓದುತ್ತೇನೆ ಎಂದು ಘೋಷಿಸಿದೆ.

ಅಪ್ಪ ಹಿಗ್ಗಿ ಹೀರೇಕಾಯಾದರು. “ಮಾತಾಡೋ ಕೆಲ್ಸ ತಾನೆ! ಅದು ನಮ್ಮ ರಕ್ತದಲ್ಲೇ ಐತೆ!” ಎಂದವರೇ ಅಂಗಿ ಸಿಕ್ಕಿಸಿಕೊಂಡು ಹೊರಗೆ ಹೋದರು. ಮಾರನೆಯ ಬೆಳಿಗ್ಗೆ ಆಟೋ ಸ್ಟ್ಯಾಂಡಿನವರೆಲ್ಲ, “ಏನ್ ಲಾಯರಮ್ಮ, ನಮ್ದೊಂದು ಕೇಸೈತೆ” ಎನ್ನತೊಡಗಿದರು. ಎಳನೀರಿನವನು ನನಗೆ ನಮಸ್ಕಾರ ಹೊಡೆದ. ಅಮ್ಮ ತಲೆ ಚಚ್ಚಿಕೊಂಡರು. “ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ಕೊಂಡು ಬಂದ್ರಾ?” ಎಂದು ಅಪ್ಪನಿಗೆ ಬೈದು, ನನ್ನ ಕಡೆ ತಿರುಗಿ ತೀರ್ಪು ಕೊಟ್ಟರು. ಒಂದೇ ಸಲ. ಸಿಕ್ಕರೆ ಸರಿ, ಸಿಗದಿದ್ದರೆ ಬೇಲೂರಿನಲ್ಲಿ ಬಿ.ಎ. “ಇನ್ನೊಂದು ವರ್ಷ ಮನೇಲಿ ಕೂತ್ಕೊಂಡು ಓದೋಕೆ ನೀನೇನು ತಪಸ್ಸಿಗೆ ಕೂತಿದೀಯಾ?” ಅಮ್ಮ ಒಂದು ಮಾತು ಹೇಳಿದರೆ ಅದನ್ನು ಅಲ್ಲಾಡಿಸಲು ಯಾರಿಂದಲೂ ಆಗುತ್ತಿರಲಿಲ್ಲ. ನಾನು ಹೂಂ ಅನ್ನುವ ಮೊದಲೇ ಅಪ್ಪ ನನ್ನ ಪರವಾಗಿ ಒಪ್ಪಿಕೊಂಡುಬಿಟ್ಟರು.

ಅರಸೀಕೆರೆಯಲ್ಲಿ ಒಬ್ಬ ಲಾಯರು ಮೇಡಂ ಇದ್ದರು. ಭಾನುವಾರ ಕೋರ್ಟಿಲ್ಲದ ದಿನ ಐದಾರು ಮಕ್ಕಳಿಗೆ ಈ ಪರೀಕ್ಷೆಗೆ ಪಾಠ ಹೇಳುತ್ತಿದ್ದರು. ಕೊಬ್ಬರಿ ಗೋದಾಮಿನ ಮಹಡಿ ಮೇಲೆ ಅವರ ಆಫೀಸು. ಜಾವಗಲ್ ದಾರಿಯ ಬಸ್ಸು ಹತ್ತಿ ಹೋಗಿ ಆ ಮೆಟ್ಟಿಲು ಏರುವಾಗ ಕೆಳಗಿಂದ ಕೊಬ್ಬರಿಯ ಸಿಹಿ ಘಾಟು ಬರುತ್ತಿತ್ತು. ಈಗಲೂ ಯಾರಾದರೂ ಒಣಕೊಬ್ಬರಿ ತುರಿದರೆ ನನಗೆ ಹಸಿವಾಗುವುದಿಲ್ಲ, ಎದ್ದು ಹೊರಗೆ ಹೋಗಿಬಿಡುತ್ತೇನೆ.

ಮೊದಲ ಅಭ್ಯಾಸ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂಚೆ ಮುಗಿಸಿ ಪೆನ್ನಿನ ಟೋಪಿ ಹಾಕಿ ಕೂತವಳು ನಾನೇ. ಉಳಿದವರು ಇನ್ನೂ ಕೂದಲು ಕಿತ್ತುಕೊಳ್ಳುತ್ತಿದ್ದರು. ಮೇಡಂ ತಿದ್ದಿ ಕೊಟ್ಟಾಗ ಕೊನೆಯ ಸ್ಥಾನ ನನ್ನದಾಗಿತ್ತು.

“ಏನಮ್ಮ ಹಳೇಬೀಡು, ಒಂದೂ ಬಿಟ್ಟಿಲ್ವಲ್ಲ? ಎಲ್ಲಾ ಗೊತ್ತಿತ್ತಾ?”

“ಮಾಡಿದೀನಿ ಮೇಡಂ.”

“ಮಾಡಿದೀಯ, ಅದು ಕಾಣ್ತಿದೆ. ಗೊತ್ತಿತ್ತಾ ಅಂದೆ.”

ಅವರು ಒಂದು ಪ್ರಶ್ನೆಯ ಮೇಲೆ ಪೆನ್ನಿಟ್ಟರು. ಒಬ್ಬನ ಹಸು ಪಕ್ಕದವನ ತೋಟಕ್ಕೆ ನುಗ್ಗಿ ಸಸಿ ತಿಂದಿದೆ. ಬೇಲಿ ಮುರಿದಿರುವುದು ಹಸುವಿನ ಯಜಮಾನನಿಗೆ ಗೊತ್ತಿದ್ದರೆ ಮಾತ್ರ ಅವನು ಹೊಣೆ ಎಂಬುದು ಅಲ್ಲಿ ಕೊಟ್ಟ ನಿಯಮ. ಅವನು ಹೊಣೆಯೋ ಅಲ್ಲವೋ? ನಾನು ‘ಹೊಣೆ’ ಎಂದು ಬರೆದಿದ್ದೆ.

“ಅವನಿಗೆ ಗೊತ್ತಿತ್ತು ಅಂತ ಎಲ್ಲಿದೆ?”

“ಗೊತ್ತಿರ್ಲೇಬೇಕಲ್ಲ ಮೇಡಂ. ಅವನದೇ ಹಸು, ದಿನಾ ಅದೇ ದಾರಿ. ಪಕ್ಕದೋನ ತೋಟ ಹಸಿರಾಗಿರೋದು ನೋಡಿ ಹೊಟ್ಟೆ ಉರ್ಕೊಂಡು ಬೇಕಂತ್ಲೇ ಬಿಟ್ಟಿರ್ತಾನೆ.” ಇಷ್ಟು ಹೇಳುವಷ್ಟರಲ್ಲಿ ನನಗೆ ಆ ಮನುಷ್ಯನ ಮುಖ, ಅವನ ಪೇಟ, ಅವನ ಹೆಂಡತಿ ಎಲ್ಲಾ ಕಣ್ಣಿಗೆ ಕಟ್ಟಿದ್ದವು.

“ಬೆರಳಿಡು,” ಎಂದರು ಮೇಡಂ. “ನೀನು ಹೇಳಿದ್ದು ಈ ಪ್ಯಾರಾದಲ್ಲಿ ಎಲ್ಲಿದೆ, ಆ ಸಾಲಿನ ಮೇಲೆ ಬೆರಳಿಡು.”

ನನ್ನ ಬೆರಳು ಇಡೀ ಪ್ಯಾರಾ ಓಡಾಡಿ ಕೆಳಗಿನ ಅಂಚಿಗೆ ಬಂದು ನಿಂತಿತು. ಕೊಟ್ಟ ನಾಲ್ಕು ಉತ್ತರಗಳಲ್ಲಿ ‘ಇಷ್ಟು ಮಾಹಿತಿಯಿಂದ ಹೇಳಲಾಗದು’ ಎಂಬುದೂ ಒಂದಿತ್ತು. ಸರಿ ಉತ್ತರ ಅದೇ. ಮೇಡಂ ಹಾಳೆ ತಿರುವಿ ತಿರುವಿ ತೋರಿಸಿದರು. ಆ ಉತ್ತರ ಎಲ್ಲೆಲ್ಲಿತ್ತೋ ಅಲ್ಲೆಲ್ಲ ನಾನು ಅದನ್ನು ಬಿಟ್ಟು ಉಳಿದದ್ದರಲ್ಲಿ ಯಾವುದು ಕಿವಿಗೆ ಇಂಪಾಗಿದೆಯೋ ಅದರ ವೃತ್ತಕ್ಕೆ ಮಸಿ ಬಳಿದಿದ್ದೆ. ಬರದ ಪ್ರಶ್ನೆ ಬಿಟ್ಟರೆ ಏನೂ ನಷ್ಟವಿಲ್ಲ, ತಪ್ಪು ಬರೆದರೆ ಇದ್ದದ್ದರಲ್ಲೇ ಕಾಲು ಅಂಕ ಕಿತ್ತುಕೊಳ್ಳುತ್ತಾರೆ. ನಾನು ಸಂಪಾದಿಸಿದ್ದನ್ನೆಲ್ಲ ನಾನೇ ಕೈಯಾರೆ ವಾಪಸ್ ಕೊಟ್ಟಿದ್ದೆ.

“ನಿಮ್ಮ ತಂದೆ ಏನು ಮಾಡ್ತಾರೆ?” ಎಂದು ಕೇಳಿದರು. ಗೈಡು ಎಂದೆ. ಮೇಡಂ ನಗಲಿಲ್ಲ. “ಗೊತ್ತಿಲ್ಲದ್ದನ್ನ ಗೊತ್ತು ಅನ್ನೋ ಲಾಯರು ತಾನು ಮುಳುಗಲ್ಲ ಕಣಮ್ಮ, ಕಕ್ಷಿದಾರನ್ನ ಮುಳುಗಿಸ್ತಾನೆ. ಬೆರಳಿಗೆ ಜಾಗ ಇಲ್ಲದ ಉತ್ತರ ಇನ್ಮೇಲೆ ಹಾಕ್ಬೇಡ.”

ಅಷ್ಟೇ ತಾನೆ, ಬಿಡುವುದರಲ್ಲಿ ಏನು ಮಹಾ ಎಂದುಕೊಂಡೆ. ಮುಂದಿನ ಭಾನುವಾರ ಬಿಡಲು ಹೋದಾಗ ಗೊತ್ತಾಯಿತು ಏನು ಮಹಾ ಅಂತ. ಖಾಲಿ ಬಿಟ್ಟ ವೃತ್ತ ನನ್ನನ್ನೇ ನೋಡುತ್ತಿತ್ತು. ಎದುರಿಗೆ ಯಾರೋ ಪ್ರಶ್ನೆ ಕೇಳಿ ಕಾಯುತ್ತಾ ನಿಂತಂತೆ, ಅವರ ಮುಖ ಸಪ್ಪಗಾಗುತ್ತಿರುವಂತೆ. ಮುಂದಿನ ಪ್ರಶ್ನೆಗೆ ಹೋದರೂ ಕಣ್ಣು ಹಿಂದಕ್ಕೆ ಬರುತ್ತಿತ್ತು. ಕಡೆಗೆ ತಡೆಯಲಾರದೆ ಬಳಿದುಬಿಟ್ಟೆ, ಬಳಿದ ಕೂಡಲೇ ಉಸಿರು ಸಲೀಸಾಯಿತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಹಾಗೆ.

ಅಲ್ಲಿಂದ ಹಿಡಿಯಿತು ನೋಡಿ ಭಯ. ಪರೀಕ್ಷೆ ಕಷ್ಟ ಎಂಬ ಭಯವಾದರೆ ಓದಿ ಕಡಿಮೆ ಮಾಡಿಕೊಳ್ಳಬಹುದು. ಇದು ಬೇರೆಯದು. ನಾನು ಬರೀ ಬುರುಡೆಯಾ ಎಂಬ ಭಯ. ಊರೆಲ್ಲ ಮೆಚ್ಚಿದ ನನ್ನ ಇಂಗ್ಲಿಷು, ನನ್ನ ಜಾಣತನ, ನನ್ನ ಬಾಯಿ, ಯಾವುದಕ್ಕೂ ಅಡಿಯಲ್ಲಿ ಏನೂ ಇಲ್ಲವಾ? ಒಂದು ಹಾಳೆ, ಎರಡು ಗಂಟೆ, ಅಷ್ಟರಲ್ಲಿ ದೇಶಕ್ಕೇ ಗೊತ್ತಾಗಿಬಿಡುತ್ತದಾ? ಬೇಲೂರಿನ ಬಸ್ಸಿನಲ್ಲಿ ಪೇಪರು ಹಿಡಿದು ಕೂತರೆ ಅಕ್ಷರ ಕಾಣುತ್ತಿತ್ತು, ಅರ್ಥ ಬರುತ್ತಿರಲಿಲ್ಲ. ಆಟೋ ಸ್ಟ್ಯಾಂಡಿನ ‘ಲಾಯರಮ್ಮ’ ಕೇಳಲಾಗದೆ ಬಸದಿ ಕಡೆಯ ರಸ್ತೆ ಬಳಸಿಕೊಂಡು ಮನೆಗೆ ಬರತೊಡಗಿದೆ. ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. “ಏನಾಗೈತೆ ಇವಳಿಗೆ, ಗಾಳಿ ಸೋಕಿದೋಳ ಹಂಗೆ ಅವಳೆ,” ಎಂದು ಅಮ್ಮ ದೃಷ್ಟಿ ತೆಗೆದರು. ಒಲೆಗೆ ಹಾಕಿದ ಮೆಣಸಿನಕಾಯಿ ಚಟಪಟ ಎಂದರೂ ನನ್ನ ಭಯ ಅಲ್ಲಾಡಲಿಲ್ಲ.

ಮೇಡಂ ನನ್ನ ಹಾಳೆಗಳನ್ನು ನೋಡೀ ನೋಡೀ ಒಂದು ದಿನ, “ಇದು ಹಾಳೆ ಮೇಲೆ ಬಿಡೋ ಕಾಯಿಲೆ ಅಲ್ಲ,” ಎಂದರು. “ದೇವಸ್ಥಾನಕ್ಕೆ ಹೋಗು. ಯಾರಾದ್ರೂ ನಿನಗೆ ಗೊತ್ತಿಲ್ಲದ್ದು ಕೇಳಿದಾಗ ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳು. ಒಂದು ಸಲ ಹೇಳಿ ಬಾ, ಸಾಕು.”

ಹೋದೆ. ಪ್ರವಾಸದ ಕಾಲ, ಶಾಲೆ ಮಕ್ಕಳ ಬಸ್ಸುಗಳು ಸಾಲಾಗಿ ನಿಂತಿದ್ದವು. ಮೊದಲು ಸಿಕ್ಕಿದ್ದು ಮೈಸೂರು ಕಡೆಯ ಒಬ್ಬ ಹೆಂಗಸು. ಒಂದು ವಿಗ್ರಹ ತೋರಿಸಿ, “ಇವಳ ಕೈಯಲ್ಲಿರೋದೇನಮ್ಮ?” ಎಂದರು. ಏನೋ ಮುರಿದುಹೋಗಿತ್ತು, ನನಗೆ ನಿಜವಾಗಿ ತಿಳಿಯದು. ಬಾಯಿ ತೆರೆದೆ. ‘ಗೊ’ ಎಂಬುದು ನಾಲಿಗೆಯ ಬುಡದಲ್ಲೇ ಸಿಕ್ಕಿಕೊಂಡಿತು, ಹೊರಗೆ ಬಂದದ್ದು “ಅದು ಮಾವಿನ ಗೊಂಚಲು ಮೇಡಂ, ರಾಜನಿಗೆ ಕಾಣಿಕೆ.” ಆಹಾ ಎಂದು ಅವರು ಫೋಟೋ ತೆಗೆದುಕೊಂಡರು. ನನಗೆ ಅಲ್ಲೇ ಅಳು ಬಂತು.

ಎರಡನೆಯ ಸಲ ಒಂದು ಶಾಲೆಯ ಗುಂಪು ನನ್ನನ್ನು ಸುತ್ತಿಕೊಂಡಿತು. ಒಬ್ಬ ಹುಡುಗಿ, “ಅಕ್ಕಾ, ಈ ದೇವಸ್ಥಾನದ ಕೆಲಸ ಯಾಕೆ ಪೂರ್ತಿ ಮುಗಿಸಿಲ್ಲ?” ಎಂದಳು. ಅಪ್ಪನ ಕಥೆಗಳು ಮೂರೋ ನಾಲ್ಕೋ ನಾಲಿಗೆ ತುದಿಗೆ ಬಂದು ನಿಂತವು. ನಾನು ಕಂಬ ಹಿಡಿದುಕೊಂಡು, ಕಣ್ಣು ಮುಚ್ಚಿ, “ನನಗೆ ಗೊತ್ತಿಲ್ಲ,” ಎಂದೆ.

ಏನೂ ಆಗಲಿಲ್ಲ. ಕಂಬ ಬೀಳಲಿಲ್ಲ. ಆ ಹುಡುಗಿ ಹಿಂದೆ ತಿರುಗಿ, “ಗೊತ್ತಿಲ್ವಂತೆ ಕಣೇ!” ಎಂದಳು, ನಾಲ್ಕು ಮಕ್ಕಳು ನಕ್ಕರು, ಮುಂದಕ್ಕೆ ಹೋದರು. ನನಗೂ ನಗು ಬಂತು. ಆಗ ನೋಡಿದರೆ ಅಪ್ಪ. ಇನ್ನೊಂದು ಗುಂಪಿನ ಜೊತೆ ಅಲ್ಲೇ ನಿಂತಿದ್ದರು. ಎಲ್ಲಾ ಕೇಳಿಸಿಕೊಂಡಿದ್ದರು.

ಮನೆಗೆ ಬಂದು ಕಾಲು ತೊಳೆಯುವ ಮೊದಲೇ ಶುರು ಮಾಡಿದರು. “ನಮ್ಮಪ್ಪ ಆ ಗೇಟಲ್ಲಿ ಆಯಸ್ಸು ಕಳೆದ, ಒಂದಿನ ಆ ಮಾತಾಡ್ಲಿಲ್ಲ. ನೀನು ಮಕ್ಕಳ ಮುಂದೆ ನನ್ನ ಮಾನ ಕಳೆದೆಯಲ್ಲೇ!”

“ಮೇಡಂ ಹೇಳಿದ್ರು ಅಪ್ಪ. ಪರೀಕ್ಷೆಗೋಸ್ಕರ.”

“ಉತ್ತರ ಬಿಟ್ಟು ಬಾ ಅಂತ ಕಲಿಸೋದು ಯಾವ ಸೀಮೆ ಪಾಠ? ನನ್ನ ಕೇಳಿದ್ರೆ ಹೇಳ್ತಿದ್ದೆ. ಎಲ್ಲಾ ತುಂಬು. ಒಂದೂ ಬಿಡ್ಬೇಡ. ಧೈರ್ಯವಾಗಿ ಹೇಳಿದ್ದೇ ಉತ್ತರ.”

“ಅಂಗಂದ್ರೆ ಆ ರಾಣಿ ಕಥೆ?” ಎಂದುಬಿಟ್ಟೆ. “ಅದಕ್ಕೆ ಆಧಾರ ಐತಾ?”

ಅಪ್ಪ ನನ್ನ ಮುಖ ನೋಡಿದರು. ಆಮೇಲೆ ಟವೆಲು ಹೆಗಲಿಗೆ ಹಾಕಿಕೊಂಡು ಹಿತ್ತಿಲಿಗೆ ಹೋದರು. ಪರೀಕ್ಷೆಯ ದಿನದವರೆಗೂ ನನ್ನ ಜೊತೆ ಮಾತಾಡಲಿಲ್ಲ. ದಿನವಿಡೀ ಮಾತಾಡುವ ಮನುಷ್ಯ ಮನೆಯಲ್ಲಿ ಮೂಕನಾದರೆ ಆ ಮನೆಯಲ್ಲಿ ಕೂತು ಓದುವುದು ಎಂಥ ಹಿಂಸೆ ಎಂದು ಅನುಭವಿಸಿದವರಿಗೇ ಗೊತ್ತು. ಅಮ್ಮ ಇಬ್ಬರಿಗೂ ಬೈದು ಸಾಕಾಗಿ, ತಟ್ಟೆ ಕುಕ್ಕುವುದನ್ನೇ ಭಾಷೆ ಮಾಡಿಕೊಂಡಿದ್ದರು.

ಪರೀಕ್ಷೆ ಬೆಂಗಳೂರಿನಲ್ಲಿ, ಭಾನುವಾರ ಮಧ್ಯಾಹ್ನ. ಪ್ರವಾಸದ ಕಾಲದ ಭಾನುವಾರ ಎಂದರೆ ಗೈಡಿಗೆ ಸುಗ್ಗಿ, ಆದರೂ ಅಪ್ಪ ತಮ್ಮ ಸರದಿ ಬಿಟ್ಟು ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟು ನಿಂತರು. ಅರಸೀಕೆರೆವರೆಗೆ ಮೊದಲ ಬಸ್ಸು, ಅಲ್ಲಿಂದ ರೈಲು. ರೈಲ್ವೆ ಸ್ಟೇಷನ್ನಿನಲ್ಲಿ ಮಂಜು ಹಿಡಿದಿತ್ತು, ಎದುರಿನ ಪ್ಲಾಟ್‌ಫಾರ್ಮ್ ಕಾಣುತ್ತಿರಲಿಲ್ಲ. ಅಪ್ಪ ಇಡ್ಲಿ ತಂದುಕೊಟ್ಟರು, ಒಂದು ತುತ್ತು ತಿಂದು ವಾಂತಿ ಮಾಡಿಕೊಂಡೆ. ಅವರು ನೀರು ಹಾಕಿ ಬಾಯಿ ತೊಳೆಸಿದರು.

ಆಗ ನನಗೆ ಬೇಕಾದದ್ದು ಒಂದೇ. ಸುಳ್ಳಾದರೂ ಸರಿ, ಆ ಗಟ್ಟಿ ದನಿಯಲ್ಲಿ ಒಂದು ಉತ್ತರ. ಜ್ವರ ಬಂದಾಗ ನಾಳೆ ಇಳಿಯುತ್ತದೆ ಎಂದವರು ಅವರು, ಕಳೆದ ಕರು ಸಂಜೆಗೆ ಬರುತ್ತದೆ ಎಂದವರು ಅವರು. ಒಮ್ಮೊಮ್ಮೆ ಬರುತ್ತಲೂ ಇತ್ತು. ಅವರ ಕೈ ಹಿಡಿದುಕೊಂಡು ಕೇಳಿದೆ. “ಅಪ್ಪ, ನನಗೆ ಸೀಟು ಸಿಗುತ್ತಾ?”

ಅಪ್ಪ ಹಳಿಯ ಕಡೆ ನೋಡುತ್ತಾ ನಿಂತರು. ಅವರ ಬಾಯಿ ಅಭ್ಯಾಸದಂತೆ ತೆರೆಯಿತು, ಮುಚ್ಚಿತು. ಮತ್ತೆ ತೆರೆಯಿತು.

“ಗೊತ್ತಿಲ್ಲ ಕಣೇ,” ಎಂದರು.

ದೇವರೇ! ಆ ಮಾತು ಅವರ ಬಾಯಿಂದ ಕೇಳಬೇಕೆಂದು ಜಗಳವಾಡಿದವಳು ನಾನೇ. ಕೇಳಿದಾಗ, ಬೇಡ ಅಪ್ಪ, ವಾಪಸ್ ತಗೋ ಎಂದು ಕೂಗಬೇಕೆನಿಸಿತು. ಅಪ್ಪನಿಗೇ ಗೊತ್ತಿಲ್ಲ ಎಂದ ಮೇಲೆ ಇನ್ನು ಯಾರಿಗೆ ಗೊತ್ತಿದೆ? ಅಷ್ಟರಲ್ಲಿ ರೈಲು ಬಂತು. ಅವರು ನನ್ನ ಬ್ಯಾಗು ತಾವೇ ಹೆಗಲಿಗೇರಿಸಿ, ನೂಕುನುಗ್ಗಲಲ್ಲಿ ನನ್ನ ರಟ್ಟೆ ಬಿಡದೆ ಹತ್ತಿಸಿದರು. ಬೆಂಗಳೂರಿನವರೆಗೂ ಆ ರಟ್ಟೆ ಬಿಡಲಿಲ್ಲ.

ಪರೀಕ್ಷೆಯ ಕೋಣೆಯಲ್ಲಿ ಮೊದಲ ಪ್ಯಾರಾ ಮೂರು ಸಲ ಓದಿದರೂ ತಲೆಗೆ ಹತ್ತಲಿಲ್ಲ. ಸುತ್ತಲೂ ಪುಟ ಮಗುಚುವ ಸದ್ದು. ಪಕ್ಕದ ಹುಡುಗ ಆಗಲೇ ಎರಡನೆಯ ಪುಟದಲ್ಲಿದ್ದ. ಎದ್ದು ಓಡಿಹೋಗೋಣ ಎನಿಸಿತು, ನಿಜವಾಗಿ ಎನಿಸಿತು, ಬಾಗಿಲು ಎಷ್ಟು ದೂರ ಎಂದು ನೋಡಿದೆ ಕೂಡ. ಬೇರೇನೂ ತೋಚದೆ ಬೆರಳಿಟ್ಟೆ. ಸಾಲಿನ ಮೇಲೆ ಬೆರಳಿಟ್ಟುಕೊಂಡು, ಒಂದನೇ ಕ್ಲಾಸಿನ ಮಗುವಿನ ಹಾಗೆ ಒಂದೊಂದೇ ಪದ ತಳ್ಳಿಕೊಂಡು ಹೋದೆ. ಉತ್ತರ ಇದ್ದ ಕಡೆ ಬೆರಳು ನಿಂತಿತು. ನಿಲ್ಲದ ಕಡೆ ಮುಂದೆ ಹೋದೆ. ಒಂದು ಪ್ರಶ್ನೆಗೆ ‘ಹೇಳಲಾಗದು’ ಎಂಬ ಉತ್ತರಕ್ಕೆ ಮಸಿ ಬಳಿಯುವಾಗ ಪೆನ್ನು ವೃತ್ತದ ಅಂಚು ದಾಟಿತು.

ಕೊನೆಗೆ ಹತ್ತು ನಿಮಿಷ ಉಳಿದಿತ್ತು. ಹಾಳೆಯ ಮೇಲೆ ಅಲ್ಲಲ್ಲಿ ಖಾಲಿ ವೃತ್ತಗಳು. ಎಲ್ಲವೂ ಒಟ್ಟಿಗೆ ಬಾಯಿ ತೆರೆದು ಕೇಳುತ್ತಿದ್ದವು. ಒಂದೂ ಬಿಡ್ಬೇಡ ಎಂದ ಅಪ್ಪನ ದನಿ ಕಿವಿಯಲ್ಲೇ ಇತ್ತು. ತುಂಬಿಬಿಡು, ಯಾರಿಗೆ ಗೊತ್ತು, ಒಂದೆರಡಾದರೂ ಸರಿಹೋಗಬಹುದು. ಪೆನ್ನು ತಾನಾಗಿ ಒಂದು ವೃತ್ತದ ಮೇಲೆ ಹೋಗಿ ನಿಂತಿತು. ನಾನು ಪೆನ್ನು ಕೆಳಗಿಟ್ಟು, ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂತೆ. ಗಂಟೆ ಹೊಡೆಯುವವರೆಗೂ ಹಾಗೇ ಕೂತಿದ್ದೆ. ಮೇಲ್ವಿಚಾರಕಿ ಬಂದು ಹುಷಾರಿದ್ದೀಯಾ ಎಂದು ಕೇಳಿದರು.

ಹೊರಗೆ ಅಪ್ಪ ನೂರಾರು ತಂದೆ ತಾಯಿಯರ ನಡುವೆ ಕತ್ತು ಉದ್ದ ಮಾಡಿಕೊಂಡು ನಿಂತಿದ್ದರು. “ಎಲ್ಲಾ ಬರೆದ್ಯಾ?” ಎಂದರು. ಇಲ್ಲ ಎಂದೆ. ಅವರು ಕಡಲೆಕಾಯಿ ಪೊಟ್ಟಣ ಕೈಗಿಟ್ಟರು.

ಬಂದ ಅಂಕ ಅತ್ತ ಬೀಳಲೂ ಇಲ್ಲ, ಇತ್ತ ದಡ ಸೇರಲೂ ಇಲ್ಲ. ಸೀಟು ಹಂಚುವ ಮೊದಲ ಪಟ್ಟಿ ಬಂದಾಗ ಅದರಲ್ಲಿ ನಾನಿರಲಿಲ್ಲ. ಎರಡನೆಯ ಪಟ್ಟಿಗೆ ಕಾಯಬೇಕು ಎಂದರು ಮೇಡಂ. ಅಮ್ಮ ಬೇಲೂರಿನ ಕಾಲೇಜಿನಲ್ಲಿ ಬಿ.ಎ.ಗೆ ವಿಚಾರಿಸಿಕೊಂಡು ಬಂದರು. ಅವರು ಅದನ್ನು ಮೆತ್ತಗೆ ಹೇಳಿದ್ದೇ ನನ್ನನ್ನು ಹೆದರಿಸಿತು, ಬೈದಿದ್ದರೆ ವಾಸಿಯಿತ್ತು. ಅಪ್ಪ ಊರಲ್ಲಿ ನನ್ನ ವಿಷಯ ಎತ್ತುವುದನ್ನೇ ಬಿಟ್ಟಿದ್ದರು. ಆಟೋದವರು ಕೇಳಿದರೆ, “ಏನ್ಲಾ ನಿಂಗೆ, ಗಾಡಿ ಓಡ್ಸೋದು ಬಿಟ್ಟು,” ಎಂದು ರೇಗುತ್ತಿದ್ದರಂತೆ. ಬೆಳಗಾದರೆ ಫೋನು ನೋಡುವುದು, ಏನೂ ಇಲ್ಲವೆಂದು ಇಡುವುದು, ಮತ್ತೆ ನೋಡುವುದು. ಹೊಸಿಲು ದಾಟಲೂ ಹೆದರ್ತಾಳೆ ಎಂದು ಅಮ್ಮ ಪಕ್ಕದ ಮನೆಯವರ ಹತ್ತಿರ ಹೇಳುತ್ತಿದ್ದುದು ಕೇಳಿಸಿತು, ಅದು ನಿಜ.

ಎರಡನೆಯ ಪಟ್ಟಿ ಬಂದಾಗ ನಾನು ಜಗಲಿಯಲ್ಲಿದ್ದೆ. ನನ್ನ ಹೆಸರಿತ್ತು. ದೂರದ ಊರು, ಹೊರಗಿನ ರಾಜ್ಯ, ಆದರೆ ಇತ್ತು. ಹೆಸರಿನ ಮೇಲೆ ಬೆರಳಿಟ್ಟು ನೋಡಿದೆ, ಅಮ್ಮನ ಬೆರಳನ್ನೂ ಹಿಡಿದು ಇಡಿಸಿದೆ. ಅಮ್ಮ ಫೋನನ್ನೇ ಕಣ್ಣಿಗೊತ್ತಿಕೊಂಡರು. “ಹೋಗು, ನಿಮ್ಮಪ್ಪಂಗೆ ಹೇಳು ಹೋಗು,” ಎಂದು ನನ್ನನ್ನು ದಬ್ಬಿದರು. ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿದೆ.

ಅಪ್ಪ ಹುಬ್ಬಳ್ಳಿ ಕಡೆಯ ಒಂದು ದೊಡ್ಡ ಸಂಸಾರವನ್ನು ಸುತ್ತಿಸುತ್ತಿದ್ದರು. ಕಥೆಯ ನಡುವೆ ಗೈಡನ್ನು ಮಾತಾಡಿಸಬಾರದು, ಹಾಗಾಗಿ ಅವರಿಗೆ ಕಾಣುವಂತೆ ಕಂಬದ ಪಕ್ಕ ನಿಂತೆ. ಓಡಿ ಬಂದ ಏದುಸಿರು, ಮುಖದ ತುಂಬ ಕಣ್ಣೀರು, ಕೆದರಿದ ತಲೆ. ಅಪ್ಪ ಕಣ್ಣೆತ್ತಿ ನನ್ನನ್ನು ನೋಡಿದರು. ತಕ್ಷಣ ಕಣ್ಣು ಆಚೆ ತಿರುಗಿಸಿ ಕಥೆ ಮುಂದುವರಿಸಿದರು.

ಆ ಕಥೆ ಮುಗಿಯಿತು. ನಾನು ಹೆಜ್ಜೆ ಮುಂದಿಟ್ಟೆ. ಅಪ್ಪ ಉಸಿರೂ ಬಿಡದೆ ಇನ್ನೊಂದು ಶುರು ಮಾಡಿದರು. ಅದೂ ಮುಗಿಯಿತು. ಮತ್ತೊಂದು. ನಾನು ಎಂದೂ ಕೇಳದ ಕಥೆಗಳು, ಆಗಲೇ ಅಲ್ಲೇ ಹುಟ್ಟಿದವು, ತಲೆ ಬುಡ ಇಲ್ಲದವು. ಆ ಸಂಸಾರದ ಅಜ್ಜ ಸುಸ್ತಾಗಿ, “ಇದನ್ನ ಆಗಳೇ ತೋರಿಸಿದ್ರಲ್ರೀ,” ಎಂದ. “ಇನ್ನೂ ಒಂದು ವಿಶೇಷ ಐತೆ ಸ್ವಾಮಿ, ಇನ್ನೂ ಒಂದು,” ಎಂದು ಅಪ್ಪ ಮತ್ತೆ ಅದೇ ಗೋಡೆಯ ಕಡೆ ತಿರುಗಿದರು. ಟಾರ್ಚಿನ ಬೆಳಕು ಕಲ್ಲಿನ ಮೇಲೆ ಒಂದು ಕಡೆ ನಿಲ್ಲುತ್ತಿರಲಿಲ್ಲ. ಅವರು ನನ್ನ ಕಡೆ ನೋಡದಿರಲು ಪಡುತ್ತಿದ್ದ ಪಾಡು ನೋಡಿ ನನಗೆ ಆಗ ಹೊಳೆಯಿತು. ಅಷ್ಟು ತಿಂಗಳು ಹೆದರಿದವಳು ನಾನೊಬ್ಬಳೇ ಎಂದುಕೊಂಡಿದ್ದೆ.

“ಅಪ್ಪಾ,” ಎಂದು ಎಲ್ಲರ ನಡುವೆಯೇ ಕೂಗಿದೆ. “ಸಿಕ್ತು ಅಪ್ಪಾ. ಸೀಟು ಸಿಕ್ತು.”

“ಈ ಕಡೆ... ಈ ಕಡೆ ಬನ್ನಿ...” ಎಂದರು ಅಪ್ಪ. ಟಾರ್ಚನ್ನು ನನ್ನ ಕೈಗೆ ಕೊಟ್ಟು ದೇವಸ್ಥಾನದ ಜಗತಿಕಟ್ಟೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅಜ್ಜ ಗಾಬರಿಯಾಗಿ ಅವರ ಬೆನ್ನು ಸವರಿದ. ಉಳಿದವರು ಸುಮ್ಮನೆ ನಿಂತು ನೋಡುತ್ತಿದ್ದರು, ಏನು ಮಾಡಬೇಕೆಂದು ತೋಚದೆ ನಾನು, “ಬನ್ನಿ, ಉಳಿದದ್ದು ನಾನು ತೋರಿಸ್ತೀನಿ,” ಎಂದು ಅವರನ್ನು ಕರೆದುಕೊಂಡು ಹೊರಟೆ.

ನಾವು ಪೂರ್ತಿ ಒಂದು ಸುತ್ತು ಹಾಕಿ ಬಂದಾಗಲೂ ಅಪ್ಪ ಅಲ್ಲೇ ಕೂತಿದ್ದರು, ಟವೆಲಿನಲ್ಲಿ ಮುಖ ಮುಚ್ಚಿಕೊಂಡು.

“ಏನಾತವಾ, ನಿಮ್ಮಪ್ಪ ಯಾಕ ಅಳಾಕತ್ತಾರ?” ಎಂದ ಅಜ್ಜ ಮೆಲ್ಲಗೆ.

“ತುಂಬಾ ಹೆದರ್ಕೊಂಡಿದ್ರು ಅಜ್ಜ,” ಎಂದೆ.